ಮುಂದಿನ ಅಚ್ಚಿನ ಬಲಾಬಲ

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಪೋತ್ನಾಳವೆಂಬ ಊರು ದೊರೆಯುವುದು. ಸುತ್ತಲೂ ಎರೆ ಭೂಮಿ. ಮಳೆಯನ್ನೇ ನಂಬಿ ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಈ ಸೀಮೆಗೆ ತುಂಗಭದ್ರೆಯ ಎಡದಂಡೆ ನಾಲೆಯು ಬತ್ತದ ಬೇಸಾಯವನ್ನು ತಂದುಕೊಟ್ಟಿತು. ಆ ನದಿಯ ಅಣೆಕಟ್ಟಿನ ಕೆಲಸ 1945ರಲ್ಲಿ ಮೊದಲಾಗಿ 1953ರಲ್ಲಿ ಮುಗಿಯಿತು. ಒಣಗಿದಾಗ ಕಲ್ಲಿನಂತಾಗಿ ಬಿರಿಯುವ ಎರೆ ಮಣ್ಣು, ನೀರುಂಡಾಗ ಅಂಟಿನಂತೆ ಗಾಲಿಯನ್ನು ಹಿಡಿಯುವುದು. ನಾಟಿಗೆ ಕೆಸರು ಮಾಡುವ ದಿನಗಳಲ್ಲಿ ಟ್ರಾಕ್ಟರು ಅಚ್ಚಿನವರೆಗೂ ಹೂತುಹೋಗುವುದು ಅಪರೂಪವಲ್ಲ.

ದಾರಿಯಿಲ್ಲದ ಕಡೆ ವಾಹನ ನಡೆಸುವುದು ಪಟ್ಟಣದ ಕೆಲವರಿಗೆ ವಿನೋದ. ಇಲ್ಲಿ ಅದು ಅನ್ನದ ಪ್ರಶ್ನೆ. ನಾಲೆಯ ನೀರು, ಸಸಿಯ ವಯಸ್ಸು, ಆಳುಗಳ ಅನುಕೂಲ, ಈ ಮೂರೂ ಕೂಡಿಬಂದ ದಿನವೇ ಮುಂದಿನ ಅಚ್ಚು ಮುರಿದರೆ, ನಷ್ಟವು ಮುರಿದ ಕಬ್ಬಿಣದ ಬೆಲೆಯಷ್ಟೇ ಅಲ್ಲ. ಆದುದರಿಂದ ಟ್ರಾಕ್ಟರನ್ನೋ ಜೀಪನ್ನೋ ಇಟ್ಟುಕೊಂಡ ಪ್ರತಿಯೊಬ್ಬ ಗೃಹಸ್ಥನೂ ಈ ಅಚ್ಚಿನ ಬಲಾಬಲವನ್ನು ಅರಿತಿರುವುದು ಲೇಸು.

ನಮ್ಮ ಹಿರಿಯರ ಬಂಡಿಯಲ್ಲಿ ಅಚ್ಚಿನ ಕೆಲಸವು ಭಾರ ಹೊರುವುದೊಂದೇ. ಎಳೆಯುವುದು ಎತ್ತುಗಳ ಪಾಲು. ಸಾಧಾರಣ ಟ್ರಾಕ್ಟರಿನ ಮುಂದಿನ ಅಚ್ಚು ಹೊರುವುದರ ಜೊತೆಗೆ ಗಾಲಿಗಳು ಹೊರಳಲೂ ಎಡೆಗೊಡುವುದು. ನಾಲ್ಕು ಗಾಲಿಗಳಿಗೂ ಶಕ್ತಿಯು ಹರಿಯುವ ವಾಹನದಲ್ಲಿಯಾದರೋ ಅದೇ ಅಚ್ಚು ಹೊರಬೇಕು, ಹೊರಳಿಸಬೇಕು, ಎಳೆಯಲೂ ಬೇಕು. ಎರಡನೆಯ ಮಹಾಯುದ್ಧದ ಕಾಲದ ವಿಲೀಸ್ ಜೀಪು ಈ ಏರ್ಪಾಡನ್ನು ಲೋಕಕ್ಕೆಲ್ಲ ಪರಿಚಯ ಮಾಡಿಕೊಟ್ಟಿತು. ಮೂರು ಕೆಲಸಗಳು ಒಂದರಲ್ಲಿಯೇ ಸೇರಿದುದರಿಂದ ಕೇಡಿನ ಬಾಗಿಲುಗಳೂ ಹೆಚ್ಚಾದವು.

ಈ ಅಚ್ಚು ಒಂದು ಸರಪಳಿಯಂತೆ. ಎಂಜಿನಿನ ಬಲವು ಪಿನಿಯನ್ನಿನಿಂದ ಕ್ರೌನ್ ಚಕ್ರಕ್ಕೆ, ಅಲ್ಲಿಂದ ಡಿಫರೆನ್ಷಿಯಲ್ಲಿಗೆ, ಅಲ್ಲಿಂದ ಎಡಬಲದ ಶಾಫ್ಟುಗಳಿಗೆ, ಕೊನೆಗೆ ಗಾಲಿಯ ಬಳಿಯ ಕೀಲಿನ ಮೂಲಕ ಹಬ್ಬಿಗೆ ತಲುಪುವುದು. ಗಾಲಿ ನೆಟ್ಟಗಿರುವಾಗ ಕೀಲಿಗೆ ಕಷ್ಟ ಕಡಿಮೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಎಂಜಿನನ್ನು ಅಬ್ಬರಿಸಿ, ಜಾರುತ್ತಿದ್ದ ಗಾಲಿಯು ತಟ್ಟನೆ ಗಟ್ಟಿ ನೆಲವನ್ನು ಕಚ್ಚುವ ಕ್ಷಣವೇ ಅದಕ್ಕೆ ಮೃತ್ಯುಸಮಾನ.

ಇನ್ನು ಸುಧಾರಣೆಯ ವಿಚಾರ. ಹೂತುಹೋಗುವ ಕಾಟವನ್ನು ತಾಳದೆ ದೊಡ್ಡ ಟೈರುಗಳನ್ನು ಹಾಕಿಸುವ ಆಸೆ ಸಹಜ. ಆದರೆ ಗಾಲಿಯ ಅರ್ಧವ್ಯಾಸವು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ, ನೆಲವನ್ನು ಅಷ್ಟೇ ಬಲದಿಂದ ತಳ್ಳುವಾಗ ಶಾಫ್ಟನ್ನು ತಿರುಚುವ ಒತ್ತಡವೂ ಅಷ್ಟೇ ಪಾಲು ಹೆಚ್ಚುವುದು. ಶಾಫ್ಟು ಮುರಿಯಿತೆಂದು ದಪ್ಪನೆಯದನ್ನು ಹಾಕಿಸಿದರೆ ಪೆಟ್ಟು ಕೀಲಿಗೆ ಬೀಳುವುದು. ಕೀಲನ್ನೂ ಬಲಪಡಿಸಿದರೆ ಕ್ರೌನ್ ಚಕ್ರದ ಹಲ್ಲುಗಳಿಗೆ. ಬಲಹೀನತೆ ಹೋಗಲಿಲ್ಲ, ಮನೆ ಬದಲಾಯಿಸಿತು. ಅದೂ ಕೈಗೆಟುಕುವ ಅಗ್ಗದ ಜಾಗದಿಂದ, ಬಿಚ್ಚಲು ಕಷ್ಟವಾದ ದುಬಾರಿಯ ಜಾಗಕ್ಕೆ. ಬಂಡಿಯ ಕಡಾಣಿಯನ್ನು ಹಿರಿಯರು ಸುಲಭವಾಗಿ ತೆಗೆದುಹಾಕುವಂತೆ ಹೊರಗಿಟ್ಟುದು ಸುಮ್ಮನೆಯಲ್ಲ. ಇಂದಿನ ರೋಟವೇಟರಿನಲ್ಲಿ ಗೇರುಗಳನ್ನು ಉಳಿಸುವುದಕ್ಕಾಗಿಯೇ ತಾನು ಮುರಿಯುವ ಬೋಲ್ಟನ್ನು ಇಡುವುದೂ ಇದೇ ವಿವೇಕದಿಂದ.

ಟ್ರಾಕ್ಟರಿನಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಾಲ್ಕು ಗಾಲಿಯೆಳೆತದ ಟ್ರಾಕ್ಟರಿನ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ಮುಂದಾಗಿಯೇ ಓಡುವಂತೆ ಗೇರುಗಳನ್ನು ಅಳೆದಿರುತ್ತಾರೆ. ಮುಂದಿನ ಅಥವಾ ಹಿಂದಿನ ಟೈರನ್ನು ಮಾತ್ರ ಬೇರೆ ಅಳತೆಗೆ ಬದಲಾಯಿಸಿದರೆ ಈ ಹೊಂದಾಣಿಕೆ ಕೆಡುವುದು. ಕೆಸರಿನಲ್ಲಿ ಗಾಲಿ ಜಾರಿ ತಪ್ಪನ್ನು ನುಂಗಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಗೇರುಗಳೇ ತಿರುಚಿಕೊಳ್ಳುತ್ತವೆ. ಗದ್ದೆಯಿಂದ ರಸ್ತೆಗೆ ಏರಿದೊಡನೆ ಮುಂದಿನ ಎಳೆತವನ್ನು ಬಿಡಿಸತಕ್ಕದ್ದು.

ಬಲಹೀನ ಸ್ಥಳವನ್ನು ಕಂಡುಕೊಳ್ಳುವ ಬಗೆ ಸುಲಭ. ಸಮನೆಲದಲ್ಲಿ ಮುಂಭಾಗವನ್ನು ಎತ್ತಿ, ಜಾಕಿಯೊಂದನ್ನೇ ನಂಬದೆ, ಗಟ್ಟಿ ಆಧಾರದ ಮೇಲೆ ನಿಲ್ಲಿಸಿರಿ. ಗಾಲಿಯ ಮೇಲು ಕೆಳಗನ್ನು ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗೋ ಕಿಂಗ್‌ಪಿನ್ನೋ ಸವೆದಿದೆ; ಎಡಬಲವನ್ನು ಹಿಡಿದು ಅಲುಗಿಸಿದಾಗ ಕಂಡರೆ ಟೈರಾಡಿನ ತುದಿಗಳನ್ನು ನೋಡಿರಿ. ಒಳಗಿನ ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ; ಲೋಹದ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗು ಒಡೆಯುತ್ತಿದೆ. ಹಬ್ಬಿಗೆ ಸುತ್ತಿಕೊಂಡ ಹುಲ್ಲು, ತಂತಿಗಳು ಆಯಿಲ್ ಸೀಲನ್ನು ಕತ್ತರಿಸುತ್ತವೆ. ಅಚ್ಚಿಗೆ ಉಸಿರಾಡುವ ಸಣ್ಣ ರಂಧ್ರವೊಂದಿದ್ದು ಅದು ಮಣ್ಣಿನಿಂದ ಮುಚ್ಚಿಹೋಗಿದ್ದರೆ, ಕಾದ ಅಚ್ಚು ನೀರಿಗಿಳಿದು ತಣ್ಣಗಾದಾಗ ಸೀಲಿನ ಮೂಲಕವೇ ನೀರನ್ನು ಒಳಗೆಳೆದುಕೊಳ್ಳುವುದು.

ಮುರಿದ ತುಂಡನ್ನು ಗುಜರಿಗೆ ಎಸೆಯಬೇಡಿರಿ. ಅದು ಸಾಕ್ಷಿ ನುಡಿಯುವುದು. ಮುರಿದ ಮುಖವೆಲ್ಲ ಹೊಸದಾಗಿ, ಒರಟಾಗಿ ಹೊಳೆಯುತ್ತಿದ್ದರೆ ಒಂದೇ ಪೆಟ್ಟಿಗೆ ಮುರಿದುದು. ಒಂದು ಪಾಲು ಕಪ್ಪಾಗಿ, ನುಣುಪಾಗಿ, ಮರದ ಬಳೆಗಳಂತೆ ಗೆರೆಗಳಿಂದ ಕೂಡಿದ್ದರೆ ಬಿರುಕು ಬಹುದಿನಗಳಿಂದ ಬೆಳೆಯುತ್ತಿತ್ತು. ತುದಿಯ ಗೆರೆಹಲ್ಲುಗಳು ಹಗ್ಗದಂತೆ ಹೊಸೆದಿದ್ದರೆ ತಿರುಚುವ ಒತ್ತಡವು ಮಿತಿ ಮೀರಿತ್ತು. ಈ ವಿದ್ಯೆಗೆ ಲೋಕವು ತೆತ್ತ ಬೆಲೆ ದೊಡ್ಡದು. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೈಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನಿನ ಅಚ್ಚು ಮುರಿದು, ಬೆಂಕಿಯೆದ್ದು, ಐವತ್ತಕ್ಕೂ ಹೆಚ್ಚು ಜನರು ಮಡಿದರು. ಒಂದು ಸಲಕ್ಕೆ ಏನೂ ಮಾಡದ ಭಾರವು ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನೂ ದಣಿಸಿ ಮುರಿಯುವುದೆಂಬುದನ್ನು ಮುಂದೆ ಜರ್ಮನಿಯ ಆಗಸ್ಟ್ ವ್ಯೋಲರನು ರೈಲಿನ ಅಚ್ಚುಗಳನ್ನೇ ಪರೀಕ್ಷಿಸಿ ತೋರಿಸಿಕೊಟ್ಟನು.

ಆದಕಾರಣ ಹಣವನ್ನು ಈ ಕ್ರಮದಲ್ಲಿ ವೆಚ್ಚಮಾಡುವುದು ಜಾಣತನ: ಮೊದಲು ಎಣ್ಣೆ, ಸೀಲು, ಉಸಿರುರಂಧ್ರ, ಅನಂತರ ಬೇರಿಂಗು, ಕಿಂಗ್‌ಪಿನ್ನು, ಟೈರಾಡು, ಇವೆಲ್ಲ ಸರಿಯಿದ್ದೂ ಮುರಿಯುತ್ತಿದ್ದರೆ ಮಾತ್ರ ಬಲವಾದ ಶಾಫ್ಟು. ಅಚ್ಚಿನ ಎರಕದ ಕವಚಕ್ಕೆ ಬೆಸುಗೆ ಹಾಕಿಸುವಾಗ ಎಚ್ಚರಿಕೆಯಿರಲಿ. ಕಾವಿಗೆ ಅದು ಸೊಟ್ಟಗಾಗಬಹುದು, ಬೆಸುಗೆಯ ಪಕ್ಕದಲ್ಲಿಯೇ ಬಿರಿಯಲೂಬಹುದು. ತಯಾರಕರ ಮೂಲ ವಿವರಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುವುದೆಂಬುದೂ ನೆನಪಿರಲಿ.

ಶಾಫ್ಟು ಗದ್ದೆಯಲ್ಲಿ ಮುರಿದರೆ ಒಂದು ದಿನದ ಕೆಲಸ ನಿಲ್ಲುವುದು. ಟೈರಾಡಿನ ತುದಿಯು ಕಳಚುವುದಾದರೋ ಸಂಜೆ ಟ್ರಾಲಿಯ ತುಂಬ ಹೆಣ್ಣಾಳುಗಳನ್ನು ಕೂರಿಸಿಕೊಂಡು ಊರಿಗೆ ಮರಳುವ ನಾಲೆಯ ಏರಿಯ ಮೇಲೆ ಆಗಬಹುದು. ಹೆಚ್ಚು ಬೆಲೆಯ ಭಾಗವೇ ಹೆಚ್ಚು ಅಪಾಯದ ಭಾಗವಲ್ಲ. ಯಜಮಾನನು ನಾಟಿಗೆ ಮೊದಲು ಒಂದು ಬೆಳಗನ್ನು ಈ ಪರೀಕ್ಷೆಗೆ ಮೀಸಲಿಟ್ಟರೆ, ಅದು ಆ ವರ್ಷದ ಅತ್ಯಂತ ಲಾಭದ ಕೆಲಸಗಳಲ್ಲೊಂದಾಗುವುದು.