ರೋಗಿಯ ಬಳಿ ಇರುವ ತಪಸ್ಸು

ಜೈನಾಗಮವು ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ವಿಂಗಡಿಸಿ, ಒಂದೊಂದರಲ್ಲಿಯೂ ಆರು ಬಗೆಗಳನ್ನು ಹೇಳುತ್ತದೆ. ಉಪವಾಸ ಬಾಹ್ಯವಾದುದು, ಎಲ್ಲರ ಕಣ್ಣಿಗೂ ಬೀಳುತ್ತದೆ. ವೈಯಾವೃತ್ತ್ಯ, ಅಂದರೆ ಸೇವೆ, ಆಭ್ಯಂತರ ತಪಸ್ಸು. ಈ ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೆಸರಿಸುವ ತತ್ತ್ವಾರ್ಥಸೂತ್ರವು ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ ‘ಗ್ಲಾನ’ನನ್ನೂ, ಎಂದರೆ ರೋಗದಿಂದ ಬಳಲಿದವನನ್ನೂ, ಕೂರಿಸಿದೆ.

ಶಿವಾರ್ಯರ ಭಗವತೀ ಆರಾಧನೆ ಇನ್ನೂ ಮುಂದೆ ಹೋಗುತ್ತದೆ. ಸಲ್ಲೇಖನ ಕೈಗೊಂಡ ಕ್ಷಪಕನ ಸೇವೆಗೆ 48 ನಿರ್ಯಾಪಕ ಮುನಿಗಳಿರಬೇಕೆಂಬುದು ಅದರ ವಿಧಾನ. ಕೆಲವರು ಎಬ್ಬಿಸಿ ಮಗ್ಗುಲು ಬದಲಿಸಲು, ಕೆಲವರು ಧರ್ಮಕಥೆ ಹೇಳಲು, ಕೆಲವರು ಆಹಾರಪಾನಕ್ಕೆ, ಕೆಲವರು ಮಲಮೂತ್ರ ತೆಗೆಯಲು, ಕೆಲವರು ಬಾಗಿಲು ಕಾಯಲು. ಅಷ್ಟು ಜನ ದೊರೆಯದಿದ್ದರೆ ಸಂಖ್ಯೆ ಇಳಿಯಬಹುದು. ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಇದ್ದರೆ, ಅವನು ಆಹಾರಕ್ಕೆ ಹೋದಾಗ ಕ್ಷಪಕನು ಒಂಟಿಯಾಗುತ್ತಾನಲ್ಲವೆ! ವ್ರತವಾದ ಸಲ್ಲೇಖನ ಬೇರೆ, ಗುಣವಾಗದ ರೋಗಿಯ ಆರೈಕೆ ಬೇರೆ. ಎರಡನ್ನೂ ಬೆರೆಸುವುದು ಸಲ್ಲದು. ಬಳಿಯಲ್ಲಿರುವವರ ಹೊಣೆ ಮಾತ್ರ ಎರಡೆಡೆಯೂ ಒಂದೇ.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಈ ಹೊಣೆಗೆ ಹೊಸ ರೂಪ ಕೊಟ್ಟಿತು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನ ತೆರೆಯಿತು. ಕರ್ನಾಟಕದಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮತ್ತು ರೋಟರಿ ಕ್ಲಬ್ಬಿನ ನೆರವಿನಿಂದ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಹುಟ್ಟಿತು. ಕಿಶೋರ್ ರಾವ್ ಅದರ ಸ್ಥಾಪಕರು. ಕಟ್ಟಡಕ್ಕೆ ಕಾಯದೆ, ಮರುವರ್ಷವೇ ಅದರ ದಾದಿಯರು ರೋಗಿಗಳ ಮನೆಬಾಗಿಲಿಗೆ ಹೊರಟರು. ನೀರಿನ ಕೊಳದ ಸುತ್ತ ಕಟ್ಟಿದ ‘ಕರುಣಾಶ್ರಯ’ ತೆರೆದದ್ದು 1999ರಲ್ಲಿ. ಕ್ಯಾನ್ಸರ್ ಮುಂದುವರಿದ ರೋಗಿಗಳಿಗೆ ಅಲ್ಲಿ ಎಲ್ಲವೂ ಉಚಿತ.

ಹಳ್ಳಿಗೆ ಹೆಚ್ಚು ಒಗ್ಗುವುದು ಕಲ್ಲಿಕೋಟೆಯ ಮಾದರಿ. 1993ರಲ್ಲಿ ಅಲ್ಲಿ ಆರಂಭವಾದ ನೋವು ಶಮನ ಸಂಸ್ಥೆಯ ಬೆನ್ನಿಗೆ, ತರಬೇತಿ ಪಡೆದ ನೆರೆಹೊರೆಯವರೇ ವಾರಕ್ಕೆ ಕೆಲವು ಗಂಟೆ ಕೊಟ್ಟು ರೋಗಿಯ ಮನೆಗೆ ಹೋಗುವ ಜಾಲ ಕೇರಳದಲ್ಲಿ ಬೆಳೆಯಿತು. ಗಾಯ ತೊಳೆಯುವುದು, ಸ್ನಾನ ಮಾಡಿಸುವುದು, ಮನೆಯವರ ಮಾತು ಕೇಳುವುದು ಅವರ ಕೆಲಸ.

ಪಂಪನ ಊರೆಂದು ನಾಡು ನಂಬಿಕೊಂಡು ಬಂದ ಅಣ್ಣಿಗೇರಿಯಲ್ಲಾಗಲಿ, ನವಲಗುಂದ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಾಗಲಿ, ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿ. ಅಲ್ಲಿ ವೈದ್ಯರು ‘ಇನ್ನು ಮನೆಗೆ ಕರೆದೊಯ್ಯಿರಿ’ ಎಂದ ಮೇಲಿನ ದಿನಗಳೇ ಕಠಿಣ. ಬಿತ್ತನೆಯ ಹಂಗಾಮಿನಲ್ಲಿ ಮನೆಮಂದಿ ಹೊಲ ಸೇರಿದರೆ, ಹಾಸಿಗೆ ಹಿಡಿದವರ ಬಳಿ ಉಳಿಯುವುದು ಬಹುಮಟ್ಟಿಗೆ ಒಬ್ಬ ಸೊಸೆಯೋ ಮೊಮ್ಮಗುವೋ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನಕ್ಕೆ ನಮ್ಮ ಶ್ರಾವಕರು ಸದಾ ಮುಂದು. ಔಷಧದಾನ ಹಣದ ಚೀಟಿಯಲ್ಲಿಯೇ ಮುಗಿಯುವುದುಂಟು.

ಒಳ್ಳೆಯ ಮನಸ್ಸಷ್ಟೇ ಸಾಲದು. ತೀವ್ರ ನೋವಿಗೆ ಮಾರ್ಫಿನ್ ಬೇಕು; ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿ ಅದರ ಪರವಾನಗಿಯ ತೊಡಕನ್ನು ಸಡಿಲಿಸಿದೆ. ಆ ಗುಳಿಗೆಯನ್ನು ಬರೆದುಕೊಡುವ ವೈದ್ಯರೊಬ್ಬರು, ಹೊತ್ತಿಗೆ ಸರಿಯಾಗಿ ಕೊಡುವ ಕೈಯೊಂದು, ಆ ಕೈ ದಣಿದಾಗ ಬಂದು ಕೂರುವ ನೆರೆಯವರೊಬ್ಬರು: ಊರಿನ ಬಸದಿಯಲ್ಲಿ ಈ ಚಾತುರ್ಮಾಸದಲ್ಲಿಯೇ ಇಷ್ಟು ಜನರ ಹೆಸರು ಬರೆದುಕೊಳ್ಳಲು ಅಡ್ಡಿಯಿಲ್ಲ.