ಶೈತ್ಯಪೆಟ್ಟಿಗೆಯ ರೋಗನಿದಾನ

ಸಣ್ಣ ಬಿರುಕುಗಳಿರುವ ದೋಣಿಯೊಂದು ಹೊಳೆಯ ಮೇಲಿದೆಯೆಂದು ಭಾವಿಸೋಣ. ನೀರು ಎಡೆಬಿಡದೆ ಒಳಕ್ಕೆ ಜಿನುಗುತ್ತದೆ. ಅಂಬಿಗನು ಅದನ್ನು ಮೊಗೆಮೊಗೆದು ಹೊರಕ್ಕೆ ಚೆಲ್ಲುತ್ತಾನೆ. ಜಿನುಗುವುದೂ ಚೆಲ್ಲುವುದೂ ಸರಿದೂಗಿರುವವರೆಗೆ ದೋಣಿಗೆ ಅಪಾಯವಿಲ್ಲ. ಒಳಗೆ ನೀರು ಏರತೊಡಗಿತೆಂದರೆ ಅದಕ್ಕೆ ಕಾರಣಗಳು ಎರಡೇ: ಬಿರುಕು ದೊಡ್ಡದಾಗಿರಬೇಕು, ಇಲ್ಲವೆ ಅಂಬಿಗನ ಕೈ ಸೋತಿರಬೇಕು.

ಐಸ್‌ಕ್ರೀಂ ಅಂಗಡಿ, ಬೇಕರಿ, ಮೀನಂಗಡಿಗಳಲ್ಲಿ ನಾವೆಲ್ಲರೂ ಕಂಡಿರುವ, ಈಗ ಕೆಲವು ಮನೆಗಳಿಗೂ ಬಂದಿರುವ, ಮೇಲ್ಗಡೆ ಮುಚ್ಚಳವುಳ್ಳ ಡೀಪ್ ಫ್ರೀಜರ್ ಎಂಬ ಶೈತ್ಯಪೆಟ್ಟಿಗೆಯು ಇಂಥದೇ ಒಂದು ದೋಣಿ. ಅದರೊಳಕ್ಕೆ ಜಿನುಗುವುದು ನೀರಲ್ಲ, ಉಷ್ಣ. ತಂಪೆಂಬುದು ಉತ್ಪಾದಿಸಬಹುದಾದ ವಸ್ತುವಲ್ಲ. ಪೆಟ್ಟಿಗೆಯ ಯಂತ್ರವು ಒಳಗಿನ ಉಷ್ಣವನ್ನು ಮೊಗೆದು ಹೊರಕ್ಕೆ ಚೆಲ್ಲುತ್ತದೆ, ಅಷ್ಟೆ. ಆಹಾರವು ಬಹುಕಾಲ ಕೆಡದೆ ಉಳಿಯಬೇಕಾದರೆ ಒಳಗಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ನಿಲ್ಲಬೇಕು. ಅದು ನಿಲ್ಲದಿದ್ದರೆ ಕೇಳಬೇಕಾದ ಪ್ರಶ್ನೆಗಳೂ ಎರಡೇ: ಉಷ್ಣವು ಮಿತಿಮೀರಿ ಒಳಬರುತ್ತಿದೆಯೆ? ಇಲ್ಲವೆ, ಹೊರಹೋಗಲಾರದೆ ತಡೆದಿದೆಯೆ? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟವನಿಗೆ ಪೆಟ್ಟಿಗೆಯ ಬಹುಪಾಲು ದೋಷಗಳ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊಗೆಯುವ ಯಂತ್ರ

ದ್ರವವು ಆವಿಯಾಗುವಾಗ ತನ್ನ ಸುತ್ತಲಿನಿಂದ ಉಷ್ಣವನ್ನು ಹೀರುತ್ತದೆ. ಆವಿಯು ಮರಳಿ ದ್ರವವಾಗುವಾಗ ಆ ಉಷ್ಣವನ್ನು ಬಿಟ್ಟುಕೊಡುತ್ತದೆ. ಅಂಗೈ ಮೇಲೆ ಸ್ಪಿರಿಟ್ ಸುರಿದುಕೊಂಡವರಿಗೆಲ್ಲ ಮೊದಲನೆಯ ಮಾತಿನ ಅನುಭವವುಂಟು. ಈ ತತ್ತ್ವದ ಮೇಲೆ ಒಂದೇ ದ್ರವವನ್ನು ಮತ್ತೆಮತ್ತೆ ಸುತ್ತಿಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಎಂಬಾತನು 1834ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಇಂದಿನ ಪೆಟ್ಟಿಗೆಗಳು ಅದರ ವಂಶದವೇ.

ಪೆಟ್ಟಿಗೆಯ ಒಳಗೋಡೆಯ ಬೆನ್ನಿಗೆ ಸುತ್ತಿದ ಕೊಳವೆಯಲ್ಲಿ ದ್ರವವು ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತದೆ. ಹಾಗೆ ಆಗುವಾಗ ಒಳಗಿನ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಎಂಬ ಸಂಪೀಡಕವು ಆ ಆವಿಯನ್ನು ಎಳೆದು, ಅದುಮಿ, ಬಿಸಿಮಾಡಿ ಇನ್ನೊಂದು ಸುರುಳಿಗೆ ಕಳುಹಿಸುತ್ತದೆ. ಅಲ್ಲಿ ಆವಿಯು ಕೋಣೆಯ ಗಾಳಿಗೆ ಉಷ್ಣವನ್ನು ಕೊಟ್ಟು ಮರಳಿ ದ್ರವವಾಗುತ್ತದೆ. ಬಹು ಕಿರಿದಾದ ರಂಧ್ರವುಳ್ಳ ಲೋಮನಾಳವೊಂದರ ಮೂಲಕ ನುಸುಳಿದಾಗ ಅದರ ಒತ್ತಡ ಇಳಿಯುತ್ತದೆ. ಚಕ್ರವು ಮೊದಲಿನಿಂದ ಆರಂಭವಾಗುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಉಷ್ಣವನ್ನು ಬಿಡುವ ಸುರುಳಿಯು ಕಣ್ಣಿಗೆ ಕಾಣದಂತೆ ಹೊರಗಿನ ತಗಡಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಆದುದರಿಂದ ಹೊರಮೈ ಬೆಚ್ಚಗಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಅದು ಆರೋಗ್ಯದ ಲಕ್ಷಣ.

ಸುತ್ತುವ ದ್ರವದ ಆಯ್ಕೆಗೂ ಒಂದು ಚರಿತ್ರೆಯುಂಟು. ಮೊದಮೊದಲು ಬಳಸುತ್ತಿದ್ದ ಅಮೋನಿಯ, ಗಂಧಕದ ಡೈಆಕ್ಸೈಡು ಮೊದಲಾದವು ವಿಷಕಾರಿಗಳು. ಅವುಗಳಿಗೆ ಬದಲಾಗಿ 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಕ್ಲೋರೊಫ್ಲೂರೊಕಾರ್ಬನ್ನುಗಳನ್ನು ತಂದರು. ಇವು ವಾಯುಮಂಡಲದ ಓಜೋನ್ ಪದರವನ್ನು ನಾಶಮಾಡಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದವು ಇವುಗಳ ಬಳಕೆಗೆ ಕಡಿವಾಣ ಹಾಕಿತು. ಈಗ ಮನೆಬಳಕೆಯ ಹಲವು ಪೆಟ್ಟಿಗೆಗಳಲ್ಲಿರುವುದು ಐಸೊಬ್ಯೂಟೇನ್. ಇದು ಓಜೋನಿಗೆ ಹಾನಿ ಮಾಡದು. ಆದರೆ ಅಡುಗೆಯ ಅನಿಲದ ಸೋದರನಾದುದರಿಂದ ಬೆಂಕಿ ಹಿಡಿಯುವಂಥದು. ಈ ಮಾತನ್ನು ನೆನಪಿನಲ್ಲಿಡಬೇಕು.

ಮುಚ್ಚಳದ ಭೌತಶಾಸ್ತ್ರ

ಬೀರುವಿನಂತೆ ಪಕ್ಕಕ್ಕೆ ತೆರೆಯುವ ಬಾಗಿಲಿಗಿಂತ ಮೇಲಕ್ಕೆ ತೆರೆಯುವ ಮುಚ್ಚಳವೇ ಲೇಸು. ಏಕೆಂದರೆ ತಂಪುಗಾಳಿಯ ಸಾಂದ್ರತೆ ಹೆಚ್ಚು. ಮುಚ್ಚಳ ತೆಗೆದಾಗಲೂ ಅದು ಕೊಡದ ನೀರಿನಂತೆ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಪಕ್ಕದ ಬಾಗಿಲಾದರೆ ಹರಿದುಹೋಗುತ್ತದೆ.

ಒಳಗಿನ ಗಾಳಿಯೆಲ್ಲ ಬದಲಾಯಿತೆಂದೇ ಇಟ್ಟುಕೊಂಡರೂ ನಷ್ಟವೆಷ್ಟು? ಪೆಟ್ಟಿಗೆಯ ಗಾತ್ರ 200 ಲೀಟರ್, ಕೋಣೆಯ ಉಷ್ಣತೆ 30 ಡಿಗ್ರಿ ಎನ್ನೋಣ. ಅಷ್ಟು ಗಾಳಿಯ ತೂಕ ಕಾಲು ಕಿಲೋಗ್ರಾಮಿಗೂ ಕಡಮೆ. ಅದನ್ನು -18 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಉಷ್ಣ ಸುಮಾರು 11 ಕಿಲೋಜೌಲ್. ಕರಾವಳಿಯ ತೇವಗಾಳಿಯಾದರೆ ಅದರಲ್ಲಿ ನಾಲ್ಕು ಗ್ರಾಮಿನಷ್ಟು ನೀರಾವಿಯೂ ಇರುತ್ತದೆ. ಅದು ಹಿಮವಾಗುವಾಗ ಬಿಡುವ ಉಷ್ಣವೂ ಸುಮಾರು ಅಷ್ಟೇ. ಎರಡೂ ಸೇರಿ 25 ಕಿಲೋಜೌಲನ್ನು ಮೀರದು. ಇನ್ನು 30 ಡಿಗ್ರಿಯಲ್ಲಿರುವ 5 ಕಿಲೋಗ್ರಾಂ ಆಹಾರವನ್ನು ಒಮ್ಮೆಗೇ ಒಳಗಿಟ್ಟರೆ? ಆಹಾರದ ಬಹುಭಾಗ ನೀರೆಂದು ಎಣಿಸಿದರೆ, ಅದನ್ನು ಸೊನ್ನೆಗೆ ಇಳಿಸಿ, ಹೆಪ್ಪುಗಟ್ಟಿಸಿ, -18 ಡಿಗ್ರಿಗೆ ತರಲು ಸುಮಾರು 2,500 ಕಿಲೋಜೌಲ್ ತೆಗೆಯಬೇಕು. ಮುಚ್ಚಳವನ್ನು ನೂರು ಸಲ ತೆರೆದುದಕ್ಕೆ ಇದು ಸಮ!

ಯಂತ್ರದ ಶಕ್ತಿಯನ್ನೂ ನೋಡೋಣ. 100 ವಾಟ್ ಬಳಸುವ ಕಂಪ್ರೆಸರು ಸೆಕೆಂಡಿಗೆ 150 ಜೌಲ್ ಉಷ್ಣವನ್ನು ಒಳಗಿನಿಂದ ಎತ್ತಬಲ್ಲುದೆಂದು ಹಿಡಿಯೋಣ. ಆರು ಸೆಂಟಿಮೀಟರ್ ದಪ್ಪದ ಪಾಲಿಯುರೆಥೇನ್ ನೊರೆಯ ಗೋಡೆಗಳ ಮೂಲಕ ಇಂಥ ಪೆಟ್ಟಿಗೆಗೆ ಸೆಕೆಂಡಿಗೆ ಸುಮಾರು 50 ಜೌಲ್ ಜಿನುಗುತ್ತದೆ. ಹೊಸ ಹೊರೆಯಿಲ್ಲದ ದಿನ ಯಂತ್ರವು ಕಾಲದ ಮೂರರಲ್ಲೊಂದು ಪಾಲು ಓಡಿದರೆ ಸಾಕು. ಮೇಲೆ ಹೇಳಿದ 5 ಕಿಲೋಗ್ರಾಂ ಆಹಾರವನ್ನು ಇಟ್ಟ ದಿನವಾದರೋ, ಏಳು ಗಂಟೆ ಬಿಡುವಿಲ್ಲದೆ ದುಡಿಯಬೇಕು. ಆದಕಾರಣ ಬಿಸಿ ಪದಾರ್ಥಗಳನ್ನು ಆರಿಸಿ, ಸ್ವಲ್ಪಸ್ವಲ್ಪವಾಗಿ, ತೆಳುವಾದ ಪೊಟ್ಟಣಗಳಲ್ಲಿ ಇಡಬೇಕು. ಹೊಸ ಹೊರೆ ಬಿದ್ದ ದಿನ ಯಂತ್ರ ನಿಲ್ಲದೆ ಓಡಿತೆಂದರೆ ಅದು ರೋಗವಲ್ಲ, ದುಡಿಮೆ.

ಮುಚ್ಚಿದ ಮರುಕ್ಷಣವೇ ಮುಚ್ಚಳವನ್ನು ಎತ್ತಹೋದರೆ ಅದು ಬಿಗಿದುಕೊಂಡು ಏಳದಿರುವುದನ್ನು ಹಲವರು ಗಮನಿಸಿರಬಹುದು. ಒಳಹೊಕ್ಕ ಬೆಚ್ಚನೆಯ ಗಾಳಿ ತಣಿದೊಡನೆ ಅದರ ಒತ್ತಡ ಕುಗ್ಗುತ್ತದೆ. ವಾಯುಭಾರದ ನೂರರಲ್ಲೊಂದು ಅಂಶದಷ್ಟು ಕುಗ್ಗಿದರೂ ಅರ್ಧ ಚದರ ಮೀಟರ್ ಮುಚ್ಚಳದ ಮೇಲೆ 50 ಕಿಲೋಗ್ರಾಂ ತೂಕವಿಟ್ಟಂತಾಗುತ್ತದೆ. ಕೆಲವು ನಿಮಿಷಗಳಲ್ಲಿ ಗಾಳಿ ನುಸುಳಿ ಒತ್ತಡ ಸಮವಾಗುತ್ತದೆ; ಅಲ್ಲಿಯವರೆಗೆ ಎಳೆದಾಡಿ ರಬ್ಬರ್ ಪಟ್ಟಿಯನ್ನು ಹರಿಯಬಾರದು. ಹಿಂದೆ ಹೀಗೆ ಬಿಗಿಯುತ್ತಿದ್ದ ಮುಚ್ಚಳವು ಈಗ ಸುಲಭವಾಗಿ ಏಳುತ್ತಿದ್ದರೆ ಮಾತ್ರ ಪಟ್ಟಿ ಸವೆದಿರಬಹುದೆಂದು ಸಂಶಯಪಡಬೇಕು. ಕಾಗದದ ತುಂಡೊಂದನ್ನು ಅಂಚಿನಲ್ಲಿಟ್ಟು, ಮುಚ್ಚಿ, ಎಳೆದು ನೋಡಿರಿ. ತಡೆಯಿಲ್ಲದೆ ಜಾರಿಬಂದರೆ ಬಿರುಕು ಅಲ್ಲಿಯೇ ಇದೆ. ಪಟ್ಟಿಯನ್ನು ಸಾಬೂನಿನ ನೀರಿನಲ್ಲಿ ತೊಳೆದು ಒರಸುವುದರಿಂದಲೇ ಎಷ್ಟೋ ವೇಳೆ ಕೆಲಸವಾಗುತ್ತದೆ, ಒಡೆದಿದ್ದರೆ ಬದಲಾಯಿಸಬೇಕು.

ಹಿಮದ ಕಂಬಳಿ

ಒಳಬಂದ ನೀರಾವಿಯೆಲ್ಲ ಗೋಡೆಯ ಮೇಲೆ ಹಿಮವಾಗಿ ಕೂರುತ್ತದೆ. ಹಿಮ ತಂಪಾದುದರಿಂದ ಅದು ಹೆಚ್ಚಾದಷ್ಟೂ ಒಳ್ಳೆಯದೆಂದು ನಂಬುವವರಿದ್ದಾರೆ. ನಿಜವು ಇದಕ್ಕೆ ವಿರುದ್ಧ. ಸಡಿಲವಾದ ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಉಣ್ಣೆಯಂತೆ ಉಷ್ಣವನ್ನು ತಡೆಯುತ್ತದೆ. ಆಹಾರದ ಉಷ್ಣವು ಗೋಡೆಯ ಕೊಳವೆಯನ್ನು ತಲಪುವ ದಾರಿಗೆ ಅಡ್ಡಲಾಗಿ ಕಂಬಳಿ ಹೊದಿಸಿದಂತಾಗುತ್ತದೆ. ಹಿಮವು ಅರ್ಧ ಸೆಂಟಿಮೀಟರಿಗೆ ಬಂದಾಗ ಅದನ್ನು ಕರಗಿಸಬೇಕು. ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಲ.

ಪ್ಲಗ್ಗನ್ನು ಕಿತ್ತು, ಆಹಾರವನ್ನು ಒತ್ತಾಗಿ ಜೋಡಿಸಿ ಕಂಬಳಿಯಲ್ಲಿ ಸುತ್ತಿಡಿರಿ. ನಮ್ಮ ಮೈಯ ಬಿಸಿಯನ್ನು ಹೊರಬಿಡದ ಕಂಬಳಿಯು ಹೊರಗಿನ ಬಿಸಿಯನ್ನು ಆಹಾರಕ್ಕೂ ಬಿಡದು. ಬಿಸಿನೀರಿನ ಪಾತ್ರೆಯೊಂದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ಹಿಮ ಸಡಿಲವಾಗುತ್ತದೆ; ಮರದ ಸೌಟಿನಿಂದ ಮೆಲ್ಲನೆ ಬಿಡಿಸಬಹುದು. ತಳದ ಬಿರಡೆ ತೆಗೆದು ನೀರನ್ನು ಹರಿಯಬಿಟ್ಟು, ಒಣಬಟ್ಟೆಯಿಂದ ಒರಸಿ, ಮತ್ತೆ ಚಾಲನೆ ಮಾಡಿರಿ.

ಚಾಕು, ಸ್ಕ್ರೂಡ್ರೈವರುಗಳನ್ನು ಮಾತ್ರ ಹತ್ತಿರ ತರಲಾಗದು. ಗೋಡೆಯ ತೆಳುತಗಡಿನ ಹಿಂದೆಯೇ ಕೊಳವೆಯಿದೆ. ಒಂದು ತಿವಿತದಿಂದ ಪೆಟ್ಟಿಗೆಯ ಆಯುಸ್ಸೇ ಮುಗಿಯಬಹುದು. ಐಸೊಬ್ಯೂಟೇನ್ ಗಾಳಿಯಲ್ಲಿ ನೂರಕ್ಕೆ 2ರಿಂದ 8 ಪಾಲಿನಷ್ಟು ಬೆರೆತಾಗ ಕಿಡಿಯೊಂದು ತಾಕಿದರೆ ಹತ್ತಿಕೊಳ್ಳುತ್ತದೆ. ಬುಸುಗುಟ್ಟುವ ಸದ್ದು ಕೇಳಿಸಿದರೆ ಬೆಂಕಿ ಹಚ್ಚದೆ, ಸ್ವಿಚ್ಚುಗಳನ್ನು ಮುಟ್ಟದೆ, ಕಿಟಕಿಬಾಗಿಲುಗಳನ್ನು ತೆರೆದು ಹೊರಬರಬೇಕು.

ಲಕ್ಷಣದಿಂದ ಕಾರಣಕ್ಕೆ

ಯಂತ್ರ ಸಂಪೂರ್ಣ ಮೌನವಾಗಿದ್ದರೆ ಮೊದಲು ವಿದ್ಯುತ್ತಿನ ಹಾದಿಯನ್ನು ಪರೀಕ್ಷಿಸಬೇಕು. ಅದೇ ಸಾಕೆಟ್ಟಿಗೆ ಮೇಜುದೀಪವೊಂದನ್ನು ಸಿಕ್ಕಿಸಿ ನೋಡಿರಿ. ದೀಪ ಉರಿದು ಯಂತ್ರ ಓಡದಿದ್ದರೆ ದೋಷವು ತಂತಿಯಲ್ಲೋ ಥರ್ಮೋಸ್ಟಾಟಿನಲ್ಲೋ ಮೋಟಾರಿನಲ್ಲೋ ಇದೆ.

ಟಕ್ಕೆಂಬ ಸದ್ದು, ಕೆಲವು ಕ್ಷಣಗಳ ಗುಂಯ್‌ಗುಡುವಿಕೆ, ಮತ್ತೆ ಟಕ್ಕೆಂದು ಮೌನ: ಹೀಗೆ ಮರುಮರಳಿ ಆಗುತ್ತಿದ್ದರೆ ಮೋಟಾರು ಹೊರಡಲು ಹವಣಿಸಿ ಸೋಲುತ್ತಿದೆಯೆಂದು ಅರ್ಥ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ವೋಲ್ಟೇಜಿನ ಕುಸಿತವು ಕಾರಣವಾಗಿರುವುದುಂಟು. ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230 ವೋಲ್ಟ್ 180ಕ್ಕೆ ಇಳಿದರೆ ಬಲವು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಹೊರಡಲಾರದ ಮೋಟಾರು ಮಿತಿಮೀರಿದ ವಿದ್ಯುತ್ತನ್ನು ಹೀರಿ ಕಾಯುತ್ತದೆ. ರಕ್ಷಕ ಸ್ವಿಚ್ಚು ಅದನ್ನು ಕಡಿದುಹಾಕುತ್ತದೆ. ವಿದ್ಯುತ್ತು ಹೋಗಿ ತಟಕ್ಕನೆ ಬಂದಾಗಲೂ ಹೀಗಾಗುತ್ತದೆ, ಏಕೆಂದರೆ ಕೊಳವೆಗಳಲ್ಲಿ ಒತ್ತಡಗಳು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಕಾಲವಿಳಂಬದ ವ್ಯವಸ್ಥೆಯುಳ್ಳ ಸ್ಟೆಬಿಲೈಸರು ಈ ಎರಡು ತೊಂದರೆಗಳಿಗೂ ಮದ್ದು. ವೋಲ್ಟೇಜು ಸರಿಯಿದ್ದೂ ಹೀಗಾದರೆ ಚಾಲಕ ರಿಲೇ ಕೆಟ್ಟಿರಬಹುದು. ಅದು ಅಗ್ಗದ ಬಿಡಿಭಾಗ.

ಯಂತ್ರ ನಿಲ್ಲದೆ ಓಡಿಯೂ ತಂಪು ಸಾಲದಾದರೆ ನಮ್ಮ ಎರಡು ಪ್ರಶ್ನೆಗಳಿಗೆ ಮರಳಬೇಕು. ಮುಚ್ಚಳದ ಪಟ್ಟಿ, ಹಿಮದ ದಪ್ಪ, ಹೊಸ ಹೊರೆ, ಇವು ಸರಿಯಿವೆಯೆ? ಪೆಟ್ಟಿಗೆಯನ್ನು ಗೋಡೆಗೆ ಒತ್ತಿ, ಒಲೆಯ ಪಕ್ಕದಲ್ಲೋ ಬಿಸಿಲಿನಲ್ಲೋ ಇರಿಸಿದ್ದಾರೆಯೆ? ಸುತ್ತಲೂ ಹತ್ತು ಸೆಂಟಿಮೀಟರ್ ತೆರಪಿದ್ದರೆ ಉಷ್ಣ ಸರಾಗವಾಗಿ ಹೊರಹೋಗುತ್ತದೆ. ಇವೆಲ್ಲವೂ ಸರಿಯಿದ್ದು, ಒಳಗೋಡೆಯ ಒಂದು ಮೂಲೆಯಲ್ಲಿ ಮಾತ್ರ ಹಿಮ ಕೂತು ಉಳಿದ ಗೋಡೆ ಬರಿದಾಗಿದ್ದರೆ, ಅನಿಲ ಸೋರಿರಬೇಕು ಇಲ್ಲವೆ ಲೋಮನಾಳ ಕಟ್ಟಿರಬೇಕು. ಇಲ್ಲಿಂದ ಮುಂದೆ ಅದು ಶಿಕ್ಷಿತ ಮೆಕಾನಿಕನ ಕ್ಷೇತ್ರ, ಗೃಹಸ್ಥನು ಕೈಯಿಡಬಾರದು.

ವಿದ್ಯುತ್ತು ನಿಂತಾಗ

100 ಕಿಲೋಗ್ರಾಂ ಹೆಪ್ಪುಗಟ್ಟಿದ ಆಹಾರವುಳ್ಳ ಪೆಟ್ಟಿಗೆಗೆ ಹನ್ನೆರಡು ಗಂಟೆಗಳಲ್ಲಿ ಜಿನುಗುವ ಉಷ್ಣ ಸುಮಾರು 2,200 ಕಿಲೋಜೌಲ್. ಇದರಿಂದ ಉಷ್ಣತೆ ಏರುವುದು ಹೆಚ್ಚೆಂದರೆ 11 ಡಿಗ್ರಿ. ಅಂದರೆ ಆಹಾರ ಇನ್ನೂ -7 ಡಿಗ್ರಿಯಲ್ಲಿರುತ್ತದೆ. ತುಂಬಿದ ಪೆಟ್ಟಿಗೆ ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಆಹಾರವನ್ನು ಕಾಯುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು, ಹಿಗ್ಗಲು ಎಡೆಬಿಟ್ಟು, ಇಡುವುದು ಜಾಣತನ. ವಿದ್ಯುತ್ತಿಲ್ಲದಾಗ ಮಾಡಬೇಕಾದ ಮೊದಲ ಕೆಲಸ ಮುಚ್ಚಳವನ್ನು ತೆರೆಯದಿರುವುದು.

ಊರಿಗೆ ಹೋಗಿ ಬಂದವರಿಗೆ ನಡುವೆ ಏನಾಯಿತೆಂದು ತಿಳಿಯುವುದೆಂತು? ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೆ ನಾಣ್ಯವೊಂದನ್ನು ಇಟ್ಟು ಹೋಗಿರಿ. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳದಲ್ಲಿ ಹೂತಿದ್ದರೆ, ಈಗ ಎಲ್ಲವೂ ಕಲ್ಲಿನಂತಿದ್ದರೂ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ಅದು ಸಾಕ್ಷಿ ನುಡಿಯುತ್ತದೆ.

ಈ ಸಾಕ್ಷ್ಯವನ್ನು ಅಲಕ್ಷಿಸಬಾರದು. ಶೈತ್ಯವು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ. ಕರಗಿದ ಆಹಾರದಲ್ಲಿ ಅವು ಮತ್ತೆ ವೃದ್ಧಿಯಾಗುತ್ತವೆ. ಕೆಲವು ಜಾತಿಗಳು ಬಿಡುವ ವಿಷವು ಕುದಿಸಿದರೂ ಅಳಿಯದು. ಹಿಮದ ಹರಳುಗಳು ಇನ್ನೂ ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಮೀನು, ಮಾಂಸ, ಹಾಲು, ಬೆಂದ ಅಡುಗೆ 4 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದುದಾದರೆ ಚೆಲ್ಲುವುದೇ ಸರಿ. ವಾಸನೆ ಚೆನ್ನಾಗಿದೆಯೆಂಬುದು ಪ್ರಮಾಣವಲ್ಲ. ಮೂಗಿಗೆ ತಿಳಿಯದುದನ್ನು ಲೋಟದ ನಾಣ್ಯವು ತಿಳಿಸುತ್ತದೆ.

ಕಡೆಯದಾಗಿ ಇನ್ನೊಂದು ಮಾತು. ಬಳಕೆ ತೀರಿದ ಪೆಟ್ಟಿಗೆಯನ್ನು ಹೊರಗಿಡುವಾಗ ಮುಚ್ಚಳವನ್ನು ಕಳಚಿಯೇ ಇಡಬೇಕು. ಆಟವಾಡುತ್ತ ಒಳಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತ ದುರಂತಗಳಿಂದ ಅಮೆರಿಕದಲ್ಲಿ 1956ರಲ್ಲಿ ಇದಕ್ಕಾಗಿಯೇ ಶಾಸನವಾಯಿತು. ಒಳಗಿನಿಂದಲೂ ತೆರೆಯಬಲ್ಲ ಬಾಗಿಲುಗಳು ಅಲ್ಲಿಯ ರೆಫ್ರಿಜರೇಟರುಗಳಿಗೆ ಕಡ್ಡಾಯವಾದುವು. ಉಷ್ಣವನ್ನು ಬಿಗಿಯಾಗಿ ತಡೆಯುವ ಮುಚ್ಚಳವು ಗಾಳಿಯನ್ನೂ ತಡೆಯುತ್ತದೆ.

ಕಾಗದದ ತುಂಡು, ಮೇಜುದೀಪ, ಸ್ಪಿರಿಟ್ ತುಂಬಿದ ಉಷ್ಣಮಾಪಕ, ಲೋಟದ ನೀರು, ಒಂದು ನಾಣ್ಯ: ಪರೀಕ್ಷೆಗೆ ಬೇಕಾದ ಸಲಕರಣೆಗಳು ಇಷ್ಟೇ. ಉಷ್ಣಮಾಪಕವನ್ನು ಪೊಟ್ಟಣಗಳ ನಡುವೆ ಒಂದು ದಿನ ಇಟ್ಟು ಓದಿ, ಯಂತ್ರವು ಗಂಟೆಗೆ ಎಷ್ಟು ನಿಮಿಷ ಓಡುತ್ತದೆಂಬುದನ್ನು ಆಗಾಗ ಬರೆದಿಟ್ಟುಕೊಂಡರೆ, ಪೆಟ್ಟಿಗೆಯ ನಾಡಿಯು ನಮ್ಮ ಕೈಗೆ ಸಿಕ್ಕಿದಂತೆ. ಓಟದ ಕಾಲ ದಿನೇದಿನೇ ಹೆಚ್ಚುತ್ತಿದ್ದರೆ ಆಹಾರ ಕರಗುವ ಮೊದಲೇ ಎಚ್ಚರಗೊಳ್ಳಬಹುದು. ತರಗತಿಯಲ್ಲಿ ಓದಿದ ಗುಪ್ತೋಷ್ಣವೂ ಸಾಂದ್ರತೆಯೂ ಉಷ್ಣವಹನವೂ ಮನೆಯ ಮೂಲೆಯ ಈ ಬಿಳಿಯ ಪೆಟ್ಟಿಗೆಯಲ್ಲಿ ಹಗಲಿರುಳು ಕೆಲಸ ಮಾಡುತ್ತಿವೆ.