ಜೀವವಿಲ್ಲದ ಪ್ರಾಣವಾಯು

ಆಕ್ಸಿಜನ್ನಿಗೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ: ಆಮ್ಲಜನಕ, ಪ್ರಾಣವಾಯು. ಮೊದಲನೆಯದು 18ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಲವಾಸಿಯೇ ಇಟ್ಟ ಹೆಸರಿನ ಅನುವಾದ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಆತ ನಂಬಿದ್ದ. ನಂಬಿಕೆ ಸುಳ್ಳಾಯಿತು, ಹೆಸರು ಉಳಿಯಿತು. ಎರಡನೆಯ ಹೆಸರನ್ನೂ ಈಗ ತುಸು ಅನುಮಾನದಿಂದಲೇ ನೋಡಬೇಕಾಗಿದೆ. ಪ್ರಾಣವೇ ಇಲ್ಲದೆಡೆ ಪ್ರಾಣವಾಯು ಹುಟ್ಟಬಲ್ಲುದೆ? ದೂರದ ಗ್ರಹಗಳಲ್ಲಿ ಜೀವವನ್ನು ಅರಸುವವರಿಗೆ ಇದು ಬಹು ತೊಡಕಿನ ಪ್ರಶ್ನೆ.

ಶಿಲಾಗ್ರಹವೊಂದು ಹುಟ್ಟಿದ ಹೊಸದರಲ್ಲಿ ಅದರ ಮೈಯೆಲ್ಲ ಕರಗಿದ ಕಲ್ಲಿನ ಕಡಲು. ಆ ಕುದಿಯುವ ಶಿಲೆಯಿಂದ ಯಾವ ಅನಿಲ ಹೊರಬೀಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು, ಸೋಜಿಗವೆನಿಸಬಹುದು, ಕಬ್ಬಿಣ. ಲೋಹರೂಪದ ಕಬ್ಬಿಣ ಶಿಲೆಯೊಡನೆ ಬೆರೆತಿದ್ದರೆ ಅದು ಆಮ್ಲಜನಕವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ; ಆಗ ಜಲಜನಕ, ಇಂಗಾಲದ ಮಾನಾಕ್ಸೈಡ್ ಇಂಥವು ಹೆಚ್ಚಾಗಿ ಹೊಮ್ಮುತ್ತವೆ. ಲೋಹ ಆಳಕ್ಕಿಳಿದು ಗ್ರಹದ ಗರ್ಭವನ್ನು ಸೇರಿದ ಮೇಲೆ ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳ ಸರದಿ. 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಪಾತ್ರೆಯಲ್ಲಿ ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳನ್ನು ಸೇರಿಸಿ, ವಿದ್ಯುತ್ತಿನ ಕಿಡಿ ಹಾಯಿಸಿ, ಅಮೈನೋ ಆಮ್ಲಗಳನ್ನು ಪಡೆದದ್ದು ಪ್ರಸಿದ್ಧ ಸಂಗತಿ. ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕಗಳೇ ತುಂಬಿದ ಗಾಳಿಯಲ್ಲಾದರೋ ಅವು ಅಷ್ಟು ಧಾರಾಳವಾಗಿ ಹುಟ್ಟುವುದಿಲ್ಲ. ಕಬ್ಬಿಣದ ವಿಚಾರ ಗಣಿಗಾರರಿಗಷ್ಟೇ ಸೇರಿದ್ದಲ್ಲ!

ಇನ್ನು ಬಿಸಿಲಿನ ಕೆಲಸ. ಶುಕ್ರಗ್ರಹವನ್ನೇ ನೋಡಿ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ಭೂಮಿಯಷ್ಟೇ. ಆದರೆ ಅಲ್ಲಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 96ರಷ್ಟು. ಒತ್ತಡ ನಮ್ಮದರ ಸುಮಾರು 90 ಮಡಿ. ನೆಲದ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ಭೂಮಿಯಲ್ಲೂ ಅಷ್ಟಕ್ಕೆ ಹತ್ತಿರಹತ್ತಿರ ಇಂಗಾಲವಿದೆ. ಮಳೆನೀರು ಅದನ್ನು ಕರಗಿಸಿಕೊಂಡು, ಬಂಡೆಗಳನ್ನು ಸವೆಸಿ, ಕಡಲ ತಳದಲ್ಲಿ ಸುಣ್ಣಕಲ್ಲಾಗಿ ಮಲಗಿಸಿದೆ, ಅಷ್ಟೆ. ಶುಕ್ರನಲ್ಲಿ ಆ ನೀರೇ ಉಳಿಯಲಿಲ್ಲ. ಒಂದು ಕಾಲಕ್ಕೆ, ಆವಿಯಾಗಿಯಾದರೂ, ಅದು ಇತ್ತೆಂಬುದಕ್ಕೆ ಸಾಕ್ಷ್ಯ ದೊರೆತದ್ದು 1978ರಲ್ಲಿ ಅಲ್ಲಿಗೆ ತಲುಪಿದ ಪಯೋನಿಯರ್ ವೀನಸ್ ನೌಕೆಯಿಂದ. ಸೂರ್ಯನ ಅತಿನೇರಳೆ ಕಿರಣ ನೀರಾವಿಯ ಅಣುವನ್ನು ಒಡೆದಾಗ ಹಗುರವಾದ ಜಲಜನಕ ಸುಲಭವಾಗಿ ಅಂತರಿಕ್ಷಕ್ಕೆ ಪಾರಾಗುತ್ತದೆ, ಭಾರಜಲಜನಕ ಹಿಂದುಳಿಯುತ್ತದೆ. ಶುಕ್ರನಲ್ಲಿ ಈ ಹಿಂದುಳಿದದ್ದರ ಪ್ರಮಾಣ ಭೂಮಿಯಲ್ಲಿರುವುದಕ್ಕಿಂತ ನೂರು ಮಡಿಗೂ ಮಿಗಿಲು. ಬಿಡುಗಡೆಯಾದ ಆಮ್ಲಜನಕ ಎಲ್ಲಿ ಹೋಯಿತು? ಶಿಲೆಯೂ ಅಂತರಿಕ್ಷವೂ ಅದನ್ನು ಹಂಚಿಕೊಂಡಿರಬೇಕು.

ಹಾಗೆ ಹೀರಿಕೊಳ್ಳುವ ಶಿಲೆ ಸಾಲದೆ ಹೋದರೆ? ಕೆಂಪು ಕುಬ್ಜ ನಕ್ಷತ್ರಗಳು ಎಳೆತನದಲ್ಲಿ ಬಹುಕಾಲ ಹೆಚ್ಚು ಪ್ರಖರವಾಗಿರುತ್ತವೆ. ಅವುಗಳ ಮಗ್ಗುಲಿನ ಗ್ರಹ ತನ್ನ ಕಡಲುಗಳನ್ನೇ ನೀಗಿಕೊಂಡು, ನಮ್ಮ ಇಡೀ ವಾಯುಮಂಡಲದ ನೂರಾರು ಮಡಿ ಒತ್ತಡದ ಆಮ್ಲಜನಕವನ್ನು ಉಳಿಸಿಕೊಳ್ಳಬಹುದೆಂದು ಲೂಗರ್ ಮತ್ತು ಬಾರ್ನ್ಸ್ 2015ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರಬೇಕಾದ್ದಿಲ್ಲ. ನಮ್ಮಲ್ಲಾದರೆ ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಸೂಕ್ಷ್ಮಜೀವಿಗಳ ದುಡಿಮೆಯಿಂದ. ದೂರದರ್ಶಕಕ್ಕೆ ಎರಡೂ ಒಂದೇ ಬಗೆಯ ಗೆರೆಗಳಾಗಿ ಕಂಡಾವು.

ಆದ್ದರಿಂದ ಈಗ ಒಂಟಿ ಸಾಕ್ಷಿಯನ್ನು ಯಾರೂ ನೆಚ್ಚುವುದಿಲ್ಲ. ಆಮ್ಲಜನಕದ ಜೊತೆಗೆ ಮೀಥೇನ್ ಕೂಡ ಇದೆಯೇ ಎಂದು ನೋಡುತ್ತಾರೆ. ಇವೆರಡೂ ಒಂದನ್ನೊಂದು ಕಾಲಕ್ರಮದಲ್ಲಿ ನಾಶಮಾಡುವಂಥವು. ಒಟ್ಟಿಗೆ ಹೇರಳವಾಗಿದ್ದರೆ ಯಾರೋ ಎಡೆಬಿಡದೆ ಎರಡನ್ನೂ ಒದಗಿಸುತ್ತಿರಬೇಕು. ಅದಕ್ಕೆ ಬದಲಾಗಿ ಇಂಗಾಲದ ಮಾನಾಕ್ಸೈಡೇ ಮಿಗಿಲಾಗಿ ಕಂಡರೆ, ಇಂಗಾಲದ ಡೈಆಕ್ಸೈಡನ್ನು ಬಿಸಿಲು ಒಡೆದಿದೆಯೆಂಬ ಶಂಕೆಗೆ ಬಲ ಬರುತ್ತದೆ.